ಸೌರಮಂಡಲ ತೊರೆದ ನೌಕೆಗಳ ಮುಂದಿನ ಗತಿ

ಸೂರ್ಯನ ಸೆಳೆತವನ್ನು ಮೀರುವಷ್ಟು ವೇಗ ಪಡೆದು, ಮರಳಿ ಬರಲಾಗದ ದಾರಿ ಹಿಡಿದ ನೌಕೆಗಳು ಇಂದಿಗೆ ಐದು: 1972ರ ಮಾರ್ಚ್‌ನಲ್ಲಿ ಹೊರಟ ಪಯೊನೀರ್ 10, 1973ರ ಏಪ್ರಿಲ್‌ನ ಪಯೊನೀರ್ 11, 1977ರ ಆಗಸ್ಟ್ 20ರಂದು ಹೊರಟ ವಾಯೇಜರ್ 2, ಅದೇ ವರ್ಷ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್ 1 ಮತ್ತು 2006ರ ಜನವರಿಯ ನ್ಯೂ ಹೊರೈಜನ್ಸ್. ಐದೂ ಅಮೆರಿಕದ ನಾಸಾದವು. ಭಾರತ ಇಂಥ ದಾರಿಗೆ ಇನ್ನೂ ಯಾವ ನೌಕೆಯನ್ನೂ ಕಳಿಸಿಲ್ಲ. ಆದರೂ ಕನ್ನಡಕ್ಕೆ ಈ ಪಯಣದಲ್ಲಿ ಪಾಲಿದೆ. ಎರಡು ವಾಯೇಜರ್‌ಗಳ ಮೈಗೆ ಬಿಗಿದಿರುವ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ; ಅವುಗಳಲ್ಲಿ ಕನ್ನಡವೂ ಒಂದು. ಹೆಚ್ಚಿನ ಶುಭಾಶಯಗಳ ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಕನ್ನಡದ ಎದುರು ನಾಸಾ ಪಟ್ಟಿಯಲ್ಲಿರುವ ಹೆಸರು ಶ್ರೀನಿವಾಸ ಕೆ. ಉಪಾಧ್ಯಾಯ. ಕನ್ನಡಿಗರ ಪರವಾಗಿ ನಮಸ್ಕಾರ ಹೇಳಿ ಶುಭ ಕೋರುವ ಆ ಕೆಲವು ಸೆಕೆಂಡುಗಳ ದನಿ ಈಗ ವಾಯೇಜರ್ 1ರ ಜೊತೆ ಸೂರ್ಯನಿಂದ ಸುಮಾರು 2500 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಮನುಷ್ಯ ಮಾಡಿದ ಯಾವ ವಸ್ತುವೂ ಅಷ್ಟು ದೂರ ಹೋಗಿಲ್ಲ. ಇಂಥ ನೌಕೆಗಳ ಕೊನೆ ಏನು ಎಂದು ಕೇಳುವಾಗ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ನೌಕೆ ಮಾತು ನಿಲ್ಲಿಸುವುದು ಒಂದು, ಅದು ಎಲ್ಲಿದೆಯೆಂಬ ಲೆಕ್ಕ ನಮ್ಮ ಕೈ ತಪ್ಪುವುದು ಇನ್ನೊಂದು, ಅದರ ಮೈಯೇ ಅಳಿಯುವುದು ಮತ್ತೊಂದು. ಮೊದಲನೆಯದು ದಶಕಗಳ ಮಾತು; ಮೂರನೆಯದು ನೂರಾರು ಕೋಟಿ ವರ್ಷಗಳ ಮಾತು. ನಡುವಿನದು ಎಷ್ಟು ಕಾಲ ಎಂಬುದು ಪೂರ್ತಿಯಾಗಿ ಭೂಮಿಯ ಮೇಲಿನವರ ಜವಾಬ್ದಾರಿ. ಮೂರನ್ನೂ ಬಿಡಿಸಿ ನೋಡಿದರೆ ಮಾತ್ರ ಈ ನೌಕೆಗಳ ಗತಿ ಸರಿಯಾಗಿ ಕಾಣುತ್ತದೆ ಎಂಬುದು ಇಲ್ಲಿನ ವಾದ.

ನೌಕೆಯ ಆಯುಷ್ಯವನ್ನು ನಿರ್ಧರಿಸುವುದು ಅದು ಕೆಟ್ಟು ನಿಂತ ದಿನಕ್ಕಿಂತ ಹೆಚ್ಚಾಗಿ ಕೆಟ್ಟು ನಿಂತ ಜಾಗ. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಬೆಂಗಳೂರಿನ ಯಶವಂತಪುರದ ಆಚೆಗಿನ ಪೀಣ್ಯದ ಚರಿತ್ರೆಯೇ ಸಾಕು. ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಯು.ಆರ್. ರಾವ್ ಅವರ ನೇತೃತ್ವದಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೊಯ್ದಿತು. ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಮಾತ್ರ ಭೂಮಿಯನ್ನು ಸುತ್ತುತ್ತಲೇ ಇತ್ತು. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಇಲ್ಲವೆನ್ನುವಷ್ಟು ತೆಳು. ಆದರೂ ಆ ಚೂರುಪಾರು ಗಾಳಿಯ ತಡೆ ದಿನವೂ ಇಷ್ಟಿಷ್ಟೇ ವೇಗ ಕದ್ದು, 17 ವರ್ಷಗಳ ನಂತರ, 1992ರ ಫೆಬ್ರವರಿಯಲ್ಲಿ ಅದನ್ನು ಕೆಳಗೆಳೆದು ಸುಟ್ಟಿತು. ಪೀಣ್ಯದಲ್ಲೇ ಇರುವ ಇಸ್ರೊದ ನಿಯಂತ್ರಣ ಜಾಲ ಕೇಂದ್ರ ಇಸ್ಟ್ರಾಕ್‌ನಿಂದ ನಡೆಸಿದ ಚಂದ್ರಯಾನ-1ರ ಕತೆ ಬೇರೆ. 2008ರ ಅಕ್ಟೋಬರ್ 22ರಂದು ಹೊರಟ ಅದು 2009ರ ಆಗಸ್ಟ್ ಕೊನೆಯಲ್ಲಿ ಸಂಪರ್ಕ ಕಡಿದುಕೊಂಡಿತು. ಚಂದ್ರನ ಒಡಲೊಳಗೆ ದ್ರವ್ಯರಾಶಿ ಒಂದೇ ಸಮ ಹರಡಿಲ್ಲವಾದ್ದರಿಂದ ಅಲ್ಲಿನ ಸೆಳೆತ ಜಾಗದಿಂದ ಜಾಗಕ್ಕೆ ಏರುಪೇರಾಗುತ್ತದೆ. ಇಂಥಲ್ಲಿ ಅನಾಥ ನೌಕೆ ಕೆಲವೇ ಕಾಲದಲ್ಲಿ ನೆಲಕ್ಕಪ್ಪಳಿಸಿದರೂ ಆಶ್ಚರ್ಯವಿಲ್ಲ. ಅದನ್ನು ಹುಡುಕಲು 2016ರ ಜುಲೈ 2ರಂದು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನ 70 ಮೀಟರ್ ಆಂಟೆನಾ ಚಂದ್ರನ ಉತ್ತರ ಧ್ರುವದತ್ತ ರೇಡಿಯೊ ಅಲೆಗಳನ್ನು ಹರಿಸಿತು. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ದೂರದರ್ಶಕ ಪ್ರತಿಫಲನಕ್ಕಾಗಿ ಕಾದು ಕುಳಿತಿತ್ತು. ಒಂದೂವರೆ ಮೀಟರ್ ಉದ್ದಗಲದ ಪೆಟ್ಟಿಗೆಯಂಥ ಆ ನೌಕೆ ನಾಲ್ಕು ತಾಸುಗಳ ವೀಕ್ಷಣೆಯಲ್ಲಿ ಎರಡು ಸಲ ಕಿರಣವನ್ನು ಹಾದುಹೋಯಿತು. ಹಳೆಯ ಲೆಕ್ಕ ಹೇಳಿದ್ದ ಜಾಗಕ್ಕೂ ಸಿಕ್ಕ ಜಾಗಕ್ಕೂ ಸುಮಾರು ಅರ್ಧ ಸುತ್ತಿನ ವ್ಯತ್ಯಾಸವಿತ್ತು, ಅಷ್ಟೆ. ಏಳು ವರ್ಷ ಮೂಕವಾಗಿದ್ದ ನೌಕೆ ಚಂದ್ರನ ಸುತ್ತ ತನ್ನ ಪಾಡಿಗೆ ಸುತ್ತುತ್ತಿತ್ತು. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಮಂಗಳಯಾನವೂ ಪೀಣ್ಯದ ಆಜ್ಞೆಗಳಿಗೆ ಓಗೊಟ್ಟದ್ದು 2022ರ ಏಪ್ರಿಲ್‌ವರೆಗೆ. ಮತ್ತೆ ಸಂಪರ್ಕ ಸಾಧ್ಯವಿಲ್ಲವೆಂದು ಅದೇ ಅಕ್ಟೋಬರ್‌ನಲ್ಲಿ ಇಸ್ರೊ ಹೇಳಿತು. ಮೂರು ನೌಕೆಗಳೂ ಮೌನವಾದವು. ಗಾಳಿಯ ನಡುವೆ ಇದ್ದದ್ದು ಮಾತ್ರ ಬೂದಿಯಾಯಿತು. ಹತ್ತಿರ ಏನಿದೆ ಎಂಬ ಒಂದೇ ಪ್ರಶ್ನೆ ಇಲ್ಲೆಲ್ಲ ತೀರ್ಪು ಕೊಟ್ಟಿದೆ. ಹತ್ತಿರ ಏನೂ ಇಲ್ಲದ ಕಡೆ ಹೋದವು ಮೇಲೆ ಹೇಳಿದ ಐದು.

ಅಲ್ಲಿಗೆ ಹೋಗುವುದು ಸುಲಭವಲ್ಲ. ಭೂಮಿ ಇರುವ ದೂರದಿಂದ ಸೂರ್ಯನ ಹಿಡಿತ ಬಿಡಿಸಿಕೊಳ್ಳಲು ಸೆಕೆಂಡಿಗೆ ಸುಮಾರು 42 ಕಿಲೋಮೀಟರ್ ವೇಗ ಬೇಕು. ಭೂಮಿಯ ಸ್ವಂತ ಓಟದಿಂದ ಅದರಲ್ಲಿ ಸುಮಾರು 30 ಕಿಲೋಮೀಟರ್ ಪುಕ್ಕಟೆ ಸಿಗುತ್ತದೆ. ಉಳಿದದ್ದನ್ನು ರಾಕೆಟ್ ಕೊಡಬೇಕು, ಅಥವಾ ದಾರಿಯಲ್ಲಿ ಸಿಗುವ ದೊಡ್ಡ ಗ್ರಹದಿಂದ ಎರವಲು ಪಡೆಯಬೇಕು. ಪಯೊನೀರ್‌ಗಳಿಗೂ ವಾಯೇಜರ್‌ಗಳಿಗೂ ಆ ಎರವಲು ಕೊಟ್ಟದ್ದು ಮುಖ್ಯವಾಗಿ ಗುರುಗ್ರಹ. ನ್ಯೂ ಹೊರೈಜನ್ಸ್ ಮಾತ್ರ ನೆಲದಿಂದಲೇ ಸೌರಮಂಡಲ ದಾಟುವ ವೇಗದಲ್ಲಿ ಹೊರಟಿತು. ಆದರೂ ಅದು ವಾಯೇಜರ್ 1ನ್ನು ಎಂದಿಗೂ ಹಿಂದೆ ಹಾಕಲಾರದು. ಗುರು ಮತ್ತು ಶನಿ ಎರಡರ ನೂಕು ಪಡೆದ ವಾಯೇಜರ್ 1 ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿದೆ, ನ್ಯೂ ಹೊರೈಜನ್ಸ್ ಸುಮಾರು 14ರಲ್ಲಿ. ಇದೇ ಲೆಕ್ಕದಲ್ಲಿ 1998ರ ಫೆಬ್ರವರಿಯಲ್ಲಿ ವಾಯೇಜರ್ 1 ತನಗಿಂತ ಐದು ವರ್ಷ ಮೊದಲು ಹೊರಟಿದ್ದ ಪಯೊನೀರ್ 10ನ್ನು ದೂರದಲ್ಲಿ ಮೀರಿಸಿತು. ಈ ನೌಕೆಗಳನ್ನು ಕೊನೆಯ ಸಲ ನೂಕಿ ಬೇರ್ಪಟ್ಟ ರಾಕೆಟ್ ಹಂತಗಳಲ್ಲಿ ಹೆಚ್ಚಿನವೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸೌರಮಂಡಲದ ಹೊರಗೆ ಹೊರಟಿವೆ ಎಂಬುದನ್ನು ಹೆಚ್ಚಿನ ಬರಹಗಳು ಹೇಳುವುದೇ ಇಲ್ಲ. ಅವುಗಳ ಮೇಲೆ ತಟ್ಟೆಯಿಲ್ಲ, ಪಯೊನೀರ್‌ಗಳಲ್ಲಿರುವಂಥ ಸಂದೇಶ ಫಲಕವಿಲ್ಲ, ಮಾತಾಡುವ ಯಂತ್ರವೂ ಇಲ್ಲ. ಆದರೆ ಮುಂದೆ ಹೇಳುವ ದೀರ್ಘ ಆಯುಷ್ಯದ ಮಾತು ಅವಕ್ಕೂ ಸಲ್ಲುತ್ತದೆ.

ಮೌನ ಬರುವ ಬಗೆಯನ್ನು ಹತ್ತಿರದಿಂದ ನೋಡಬಹುದು. ಸೂರ್ಯನಿಂದ ಇಷ್ಟು ದೂರದಲ್ಲಿ ಸೌರಫಲಕ ಕೆಲಸಕ್ಕೆ ಬಾರದು. ಪ್ಲುಟೋನಿಯಂ-238 ತಾನಾಗಿ ಕ್ಷಯಿಸುವಾಗ ಹೊಮ್ಮುವ ಶಾಖವೇ ಇವುಗಳಲ್ಲಿ ವಿದ್ಯುತ್ತಾಗುತ್ತದೆ. ಅದರ ಅರ್ಧಾಯು 87.7 ವರ್ಷ. ಹೊರಡುವಾಗ ವಾಯೇಜರ್‌ಗೆ ಸುಮಾರು 470 ವಾಟ್ ವಿದ್ಯುತ್ ಸಿಗುತ್ತಿತ್ತು. ವರ್ಷಕ್ಕೆ ಸುಮಾರು 4 ವಾಟ್‌ನಂತೆ ಕುಗ್ಗುತ್ತಿರುವ ಅದು ಈಗ ಅರ್ಧಕ್ಕಿಂತ ಕೆಳಗಿಳಿದಿದೆ. ಪ್ಲುಟೋನಿಯಂ ಜೊತೆಗೆ ಶಾಖವನ್ನು ವಿದ್ಯುತ್ತಾಗಿಸುವ ಜೋಡಣೆಗಳೂ ಸವೆಯುವುದರಿಂದ ಇಳಿಕೆ ಅರ್ಧಾಯುವಿನ ಲೆಕ್ಕಕ್ಕಿಂತ ಚುರುಕು. ಹೀಗಾಗಿ ಒಂದೊಂದೇ ಉಪಕರಣವನ್ನು ಆರಿಸುತ್ತಾ ಬರಲಾಗಿದೆ: 2024ರಲ್ಲಿ ವಾಯೇಜರ್ 2ರ ಪ್ಲಾಸ್ಮಾ ಉಪಕರಣ, 2025ರ ಫೆಬ್ರವರಿಯಲ್ಲಿ ವಾಯೇಜರ್ 1ರ ವಿಶ್ವಕಿರಣ ಉಪಕರಣ. ನೌಕೆಯ ಪ್ರೇಷಕದ ಬಲ ಸುಮಾರು 23 ವಾಟ್, ನಮ್ಮ ಮನೆಗಳ ಹಳೆಯ ಟ್ಯೂಬ್‌ಲೈಟಿಗಿಂತಲೂ ಕಡಿಮೆ. ವಾಯೇಜರ್ 1ರಿಂದ ಹೊರಟ ಅಲೆ ಇಲ್ಲಿಗೆ ಮುಟ್ಟಲು 23 ತಾಸಿಗೂ ಹೆಚ್ಚು ಹಿಡಿಯುತ್ತದೆ. 2026ರ ಕೊನೆಯ ಹೊತ್ತಿಗೆ ಅದು ಪೂರ್ತಿ ಒಂದು ದಿನವಾಗಲಿದೆ. ಪಯೊನೀರ್ 11ರೊಡನೆ ಮಾತು ನಿಂತದ್ದು 1995ರಲ್ಲಿ. ಪಯೊನೀರ್ 10ರ ಕೊನೆಯ ಕ್ಷೀಣ ಅಲೆ ಕೇಳಿದ್ದು 2003ರ ಜನವರಿ 23ರಂದು, ಸುಮಾರು 1200 ಕೋಟಿ ಕಿಲೋಮೀಟರ್ ದೂರದಿಂದ. ವಾಯೇಜರ್‌ಗಳಿಗೂ ಇದೇ ಆಗಲಿದೆ, 2030ರ ದಶಕದ ಆಚೆಗೆ ಅವು ಮಾತಾಡುವ ನಿರೀಕ್ಷೆ ಯಾರಿಗೂ ಇಲ್ಲ. ಆದರೆ ವಿದ್ಯುತ್ ನಿಂತ ಮೇಲೂ ಆ ಪ್ಲುಟೋನಿಯಂ ಸುಮ್ಮನಿರುವುದಿಲ್ಲ. ಅದು ಯುರೇನಿಯಂ-234 ಆಗುತ್ತದೆ. ಅದು ಎರಡು ಲಕ್ಷ ವರ್ಷ ಮೀರಿದ ಅರ್ಧಾಯುವಿನಲ್ಲಿ ಥೋರಿಯಂ ಆಗುತ್ತದೆ. ಥೋರಿಯಂ ರೇಡಿಯಂ ಆಗಿ, ಕೊನೆಗೆ ಸೀಸವಾಗಿ ನಿಲ್ಲುತ್ತದೆ. ನೌಕೆ ಸತ್ತಿತು ಎಂದು ನಾವು ಬರೆದುಕೊಂಡ ದಿನದಿಂದ ಲಕ್ಷಾಂತರ ವರ್ಷ ಅದರ ಒಡಲಲ್ಲಿ ಈ ಬದಲಾವಣೆ ಸಾಗುತ್ತಿರುತ್ತದೆ.

ಮೌನವಾದ ಮೇಲೆ ಇವು ಎಲ್ಲಿಗೆ ಹೋಗುತ್ತವೆ? ಇಲ್ಲಿ ಮೊದಲು ಒಂದು ತಪ್ಪು ಗ್ರಹಿಕೆಯನ್ನು ಬದಿಗಿಡಬೇಕು. ವಾಯೇಜರ್ 1 ಸೌರಮಂಡಲವನ್ನು ದಾಟಿತು ಎಂದು 2013ರಲ್ಲಿ ಸುದ್ದಿಯಾಯಿತು. ಅದು ದಾಟಿದ್ದು, 2012ರ ಆಗಸ್ಟ್ 25ರಂದು, ಸೌರಮಾರುತದ ಆಳ್ವಿಕೆ ಮುಗಿಯುವ ಗಡಿಯನ್ನು. ವಾಯೇಜರ್ 2 ಅದೇ ಗಡಿಯನ್ನು 2018ರ ನವೆಂಬರ್ 5ರಂದು ದಾಟಿತು. ಸೂರ್ಯನ ಗುರುತ್ವದ ಆಳ್ವಿಕೆ ಇನ್ನೂ ಬಹಳ ಆಚೆಗಿದೆ. ಧೂಮಕೇತುಗಳ ತವರಾದ ಊರ್ಟ್ ಮೋಡದ ಒಳ ಅಂಚನ್ನು ಮುಟ್ಟಲು ಸುಮಾರು 300 ವರ್ಷ, ಅದನ್ನು ಹಾದು ಆಚೆ ಹೋಗಲು ಸುಮಾರು 30,000 ವರ್ಷ ಬೇಕೆಂಬ ಅಂದಾಜಿದೆ. ಒಂದು ಜ್ಯೋತಿರ್ವರ್ಷ ಕ್ರಮಿಸಲು ವಾಯೇಜರ್ 1ಕ್ಕೆ 17,600 ವರ್ಷಗಳಷ್ಟು ಬೇಕು. ಇನ್ನು ಸುಮಾರು 40,000 ವರ್ಷಕ್ಕೆ ಅದು ಗ್ಲೀಸ 445 ಎಂಬ ಮಂದ ನಕ್ಷತ್ರದ ಬಳಿ ಸಾಗುತ್ತದೆ ಎನ್ನುತ್ತಾರೆ. ಆದರೆ ಆ ನಕ್ಷತ್ರ ಇಂದು 17 ಜ್ಯೋತಿರ್ವರ್ಷಕ್ಕೂ ಆಚೆಗಿದೆ, ಅಷ್ಟು ಕಾಲದಲ್ಲಿ ನೌಕೆ ಕ್ರಮಿಸುವುದು ಎರಡು ಚಿಲ್ಲರೆ ಜ್ಯೋತಿರ್ವರ್ಷ ಮಾತ್ರ. ನಿಜಕ್ಕೂ ಆಗುವುದೇನೆಂದರೆ ನಕ್ಷತ್ರವೇ ಇತ್ತ ಓಡಿ ಬರುತ್ತಿದೆ, ನೌಕೆ ಅದರ ದಾರಿಯ ಬದಿಗೆ ಸಿಗುತ್ತದೆ. ‘ಬಳಿ’ ಎನ್ನುವುದೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಹೆಚ್ಚಿನ ದೂರವೇ. ಪಯೊನೀರ್ 10 ರೋಹಿಣಿ ನಕ್ಷತ್ರದ ದಿಕ್ಕಿಗೆ ಹೊರಟಿದೆ ಎಂಬ ಮಾತೂ ಇಂಥದ್ದೇ. ದಿಕ್ಕು ಸರಿ, ಆದರೆ ಅಷ್ಟು ದೂರಕ್ಕೆ 20 ಲಕ್ಷ ವರ್ಷಕ್ಕೂ ಹೆಚ್ಚು ಬೇಕು, ಅಷ್ಟರಲ್ಲಿ ರೋಹಿಣಿ ಅಲ್ಲಿರುವುದಿಲ್ಲ.

ಲಕ್ಷಾಂತರ ವರ್ಷಗಳ ಈ ಭವಿಷ್ಯವನ್ನು ಹೇಗೆ ನಂಬುವುದು ಎಂದು ಕೇಳುವವರ ಸಂದೇಹ ಸರಿಯಾದದ್ದು. ನೌಕೆಯ ಮೇಲೆ ಬಹಳ ಸಣ್ಣ ಬಲಗಳೂ ಕೆಲಸ ಮಾಡುತ್ತವೆ. ಪಯೊನೀರ್‌ಗಳು ಲೆಕ್ಕಕ್ಕಿಂತ ಎಳ್ಳಷ್ಟು ನಿಧಾನವಾಗುತ್ತಿರುವುದು ಕಂಡಾಗ ಹೊಸ ಭೌತನಿಯಮವೇ ಬೇಕಾದೀತೆಂದು ಕೆಲವರು ಬರೆದರು. ಆ ವ್ಯತ್ಯಾಸ ಭೂಮಿಯ ಗುರುತ್ವದ ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟೂ ಇರಲಿಲ್ಲ. ನೌಕೆಯ ಶಾಖ ಒಂದು ಬದಿಗೆ ತುಸು ಹೆಚ್ಚು ಹೊಮ್ಮಿ ಎದುರು ಬದಿಗೆ ಅದನ್ನು ನೂಕುತ್ತಿದೆ ಎಂಬ ಉತ್ತರ 2012ರ ಹೊತ್ತಿಗೆ ಗಟ್ಟಿಯಾಯಿತು. ನಕ್ಷತ್ರಗಳ ಚಲನೆಯ ಅಳತೆಯೂ ಕಾಲಕಾಲಕ್ಕೆ ಸುಧಾರಿಸುತ್ತದೆ. ಯುರೋಪಿನ ಗಾಯಾ ದೂರದರ್ಶಕದ ಅಳತೆಗಳನ್ನು ಹಿಡಿದು ಸಂಶೋಧಕರಾದ ಬೇಲರ್-ಜೋನ್ಸ್ ಮತ್ತು ಫರ್ನೋಕಿಯಾ 2019ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಹಳೆಯ ಪಟ್ಟಿಗೆ ಹೊಸ ನಕ್ಷತ್ರಗಳು ಸೇರಿದವು. ಪಯೊನೀರ್ 10 ಸುಮಾರು 90,000 ವರ್ಷಗಳ ಆಚೆಗೆ ಒಂದು ನಕ್ಷತ್ರದಿಂದ ಮುಕ್ಕಾಲು ಜ್ಯೋತಿರ್ವರ್ಷ ದೂರದಲ್ಲಿ ಹಾಯುತ್ತದೆ ಎಂದು ತಿಳಿಯಿತು. ಮುಂದೆ ಇನ್ನೂ ನಿಖರವಾದ ಅಳತೆ ಬಂದಾಗ ಈ ಪಟ್ಟಿಯೂ ಬದಲಾದೀತು. ಯಾವ ನಕ್ಷತ್ರ, ಯಾವ ವರ್ಷ ಎಂಬ ಮಾತಿಗೆ ಇಷ್ಟೇ ಬೆಲೆ. ಆದರೆ ಈ ಸಂದೇಹ ಮುಖ್ಯ ಮಾತಿಗೆ ತಟ್ಟುವುದಿಲ್ಲ. ನಕ್ಷತ್ರಗಳ ನಡುವಣ ದೂರಕ್ಕೆ ಹೋಲಿಸಿದರೆ ನಕ್ಷತ್ರಗಳ ಗಾತ್ರ ಏನೂ ಅಲ್ಲ. ದಾರಿ ಯಾವ ಕಡೆಗೆ ತಿರುಗಿದರೂ ಢಿಕ್ಕಿಯ ಸಂಭವ ಅಷ್ಟೇ ಕಡಿಮೆ. ಅದೇ ಲೇಖಕರು ಇಂಥ ನೌಕೆ ನಕ್ಷತ್ರವೊಂದಕ್ಕೆ ಬಡಿಯಲು ಬೇಕಾಗುವ ಕಾಲವನ್ನೂ ಅಂದಾಜು ಮಾಡಿದರು: ಒಂದರ ಮುಂದೆ 20 ಸೊನ್ನೆ ಇಟ್ಟಷ್ಟು ವರ್ಷ. ವಿಶ್ವದ ಈಗಿನ ವಯಸ್ಸು ಸುಮಾರು 1380 ಕೋಟಿ ವರ್ಷ, ಅಂದರೆ ಒಟ್ಟು 11 ಅಂಕಿಗಳ ಸಂಖ್ಯೆ. ದಾರಿಯ ವಿವರದಲ್ಲಿ ಎಷ್ಟೇ ತಪ್ಪಿದ್ದರೂ ಈ ಅಂತರ ಮುಚ್ಚಿಹೋಗುವಂಥದ್ದಲ್ಲ.

ಢಿಕ್ಕಿಯಿಲ್ಲದಿದ್ದರೆ ಉಳಿಯುವುದು ಸವೆತ. ಇದನ್ನು ನಮ್ಮ ಕಣ್ಣಳತೆಗೆ ತರಲು ಹೆಬ್ಬಾಳದ ಒಂದು ಕಲ್ಲು ನೆರವಾಗುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಕಿತ್ತಯ್ಯನೆಂಬ ವೀರನ ನೆನಪಿನ ಕಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ ಈ ವೀರಗಲ್ಲನ್ನು ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನವೆಂದು ಗುರುತಿಸಲಾಗಿದೆ. ಹೆಬ್ಬಾಳ ಅಂದು ಪೆರ್ಬೊಳಲ್ ಆಗಿತ್ತೆಂಬುದೂ ಅದರಿಂದ ತಿಳಿಯುತ್ತದೆ. ಬೆಂಗಳೂರಿನ ನೆಲದ ಬಂಡೆ ಸಾಮಾನ್ಯದ್ದಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಷ್ಟು ಗಟ್ಟಿಯಾದ ನಾಡಿನಲ್ಲೂ ಕೊರೆದ ಅಕ್ಷರ ಸಾವಿರ ವರ್ಷ ತಾಳಿದರೆ ದೊಡ್ಡದು. ಮಳೆನೀರು, ಬಿಸಿಲು ಮತ್ತು ಚಳಿಯಲ್ಲಿ ಹಿಗ್ಗಿ ಕುಗ್ಗುವ ಮೇಲ್ಮೈ, ಪಾಚಿ, ಬೇರು, ಎಲ್ಲಕ್ಕಿಂತ ಮಿಗಿಲಾಗಿ ಕಲ್ಲನ್ನು ಎತ್ತಿ ಗೋಡೆಗೋ ಚಪ್ಪಡಿಗೋ ಬಳಸುವ ಮನುಷ್ಯನ ಕೈ, ಇವೆಲ್ಲ ಸೇರಿ ಅಕ್ಷರವನ್ನು ತಿನ್ನುತ್ತವೆ. ವಾಯೇಜರ್ ತಟ್ಟೆಯ ಸುತ್ತ ಇವುಗಳಲ್ಲಿ ಒಂದೂ ಇಲ್ಲ. ನೀರಿಲ್ಲ, ಆಮ್ಲಜನಕವಿಲ್ಲ, ಹಗಲಿರುಳಿನ ಏರಿಳಿತವಿಲ್ಲ, ಜೀವವಿಲ್ಲ. ಇರುವುದು ಧೂಳು ಮತ್ತು ವಿಶ್ವಕಿರಣ. ಮೈಕ್ರೋಮೀಟರ್‌ಗಿಂತ ಸಣ್ಣ ಧೂಳಿನ ಕಣವೂ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಡಿದಾಗ ಲೋಹದಲ್ಲಿ ಕುಳಿ ಮಾಡುತ್ತದೆ. ಆದರೆ ಕಣಗಳು ಅತಿ ವಿರಳ. ತಟ್ಟೆಯನ್ನು ಮಾಡಿದವರು ಇದನ್ನು ಯೋಚಿಸಿಯೇ ಮಾಡಿದ್ದಾರೆ. 12 ಅಂಗುಲದ ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ, ಅದರ ಮೇಲೆ ಅಲ್ಯೂಮಿನಿಯಂ ಹೊದಿಕೆ. ಹೊದಿಕೆಯ ಮೇಲೆ ನುಡಿಸುವ ಬಗೆಯ ಚಿತ್ರಗಳು. ಸೂರ್ಯನ ನೆಲೆಯನ್ನು 14 ಪಲ್ಸಾರ್‌ಗಳ ಮೂಲಕ ತೋರುವ ನಕ್ಷೆ. ವಯಸ್ಸು ಅಳೆಯಲೆಂದು ಯುರೇನಿಯಂ-238ರ ಒಂದು ಸಣ್ಣ ಲೇಪ, ಅದರ ಅರ್ಧಾಯು ಸುಮಾರು 450 ಕೋಟಿ ವರ್ಷ. ಮೊದಲ ಏಟು ತಿನ್ನುವುದು ಹೊದಿಕೆ. ತಟ್ಟೆಯ ಒಳಮುಖಕ್ಕೆ ಇಡೀ ನೌಕೆಯೇ ಆಸರೆ. ತಟ್ಟೆಯನ್ನು ರೂಪಿಸಿದ ಕಾರ್ಲ್ ಸೇಗನ್ ಮತ್ತು ಜೊತೆಗಾರರು 100 ಕೋಟಿ ವರ್ಷದ ಬಾಳಿಕೆಯ ಮಾತಾಡಿದ್ದರು. ನೌಕೆಗಳ ದಾರಿಯನ್ನೂ ಧೂಳಿನ ಮೋಡಗಳನ್ನೂ ಲೆಕ್ಕಕ್ಕೆ ತಂದ ಇತ್ತೀಚಿನ ಅಧ್ಯಯನ ಕೆಲಭಾಗವಾದರೂ ಅದಕ್ಕಿಂತ ಹೆಚ್ಚು ಕಾಲ ಉಳಿದೀತು ಎನ್ನುತ್ತದೆ. ದಾನಶಾಸನಗಳಲ್ಲಿ ಸೂರ್ಯಚಂದ್ರರಿರುವ ತನಕ ಎಂಬ ಮಾತನ್ನು ಕೊರೆಸುತ್ತಿದ್ದರು. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯ ಉಬ್ಬಿ ಕೆಂಪು ದೈತ್ಯನಾಗುವಾಗ ಕಲ್ಲಿನ ಶಾಸನ ಯಾವುದೂ ಇರುವುದಿಲ್ಲ, ವಾಯೇಜರ್‌ಗಳು ಇರುವ ಸಂಭವ ಚೆನ್ನಾಗಿಯೇ ಇದೆ. ಅಷ್ಟರಲ್ಲಿ ಅವು ಆಕಾಶಗಂಗೆಯ ಕೇಂದ್ರವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಸುತ್ತಿರುತ್ತವೆ. ಸೂರ್ಯನನ್ನು ಬಿಟ್ಟ ವೇಗ ಗೆಲಾಕ್ಸಿಯನ್ನು ಬಿಡಲು ಸಾಲದು.

ಇಷ್ಟು ಹೇಳಿದ ಮೇಲೆ ಕನ್ನಡ ಅಮರವಾಯಿತು ಎಂಬ ಮಾತು ನಾಲಗೆಯ ತುದಿಗೆ ಬರುವುದು ಸಹಜ. ಆ ಮಾತನ್ನು ಒಪ್ಪಲಾಗದು. ಕೆಲವು ಸೆಕೆಂಡುಗಳ ಒಂದು ಶುಭಾಶಯ ಒಂದು ಭಾಷೆಯಾಗದು. ಅದರಲ್ಲಿ ವ್ಯಾಕರಣವಿಲ್ಲ, ಲಿಪಿಯಿಲ್ಲ, ಅರ್ಥ ಬಿಡಿಸಲು ಬೇಕಾದ ಕೀಲಿಯಿಲ್ಲ. ತಟ್ಟೆಯನ್ನು ನುಡಿಸುವುದು ಹೇಗೆಂದು ಹೊದಿಕೆ ಹೇಳುತ್ತದೆ. ಕೇಳಿಸಿದ್ದನ್ನು ಅರ್ಥಮಾಡಿಕೊಳ್ಳುವುದು ಹೇಗೆಂದು ಎಲ್ಲೂ ಹೇಳಿಲ್ಲ. ಸಿಂಧೂ ಮುದ್ರೆಗಳು ಇದೇ ನೆಲದ ಮನುಷ್ಯರು ಮಾಡಿದವು, ನಾಲ್ಕು ಸಾವಿರ ವರ್ಷ ಮಾತ್ರ ಹಿಂದಿನವು, ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿವೆ. ಅವುಗಳ ಓದೇ ಇನ್ನೂ ಎಲ್ಲರೂ ಒಪ್ಪುವ ಹಂತ ಮುಟ್ಟಿಲ್ಲ. ಆಯ್ಕೆಯಲ್ಲೂ ಆಕಸ್ಮಿಕದ ಪಾಲು ದೊಡ್ಡದು. ಕನ್ನಡ, ತೆಲುಗು, ಮರಾಠಿ, ಒಡಿಯಾ ತಟ್ಟೆಯಲ್ಲಿವೆ. ತಮಿಳು, ಮಲಯಾಳ ಇಲ್ಲ. ಕಡಿಮೆ ಸಮಯದಲ್ಲಿ ಕೆಲಸ ಮುಗಿಸಬೇಕಿದ್ದ ಒಂದು ತಂಡಕ್ಕೆ ಹತ್ತಿರದಲ್ಲಿ ಯಾರು ಸಿಕ್ಕರೋ ಅವರ ಭಾಷೆ ಹೋಯಿತು, ಇದರಲ್ಲಿ ಯಾವ ಭಾಷೆಯ ಹೆಚ್ಚುಗಾರಿಕೆಯೂ ಇಲ್ಲ, ಕೊರತೆಯೂ ಇಲ್ಲ. ಸಂಗೀತದ ಆಯ್ಕೆ ಇದಕ್ಕಿಂತ ತೂಗಿ ನೋಡಿ ಮಾಡಿದ್ದು. ಭಾರತದಿಂದ ಹೋದದ್ದು ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯಿಂದ ಕನ್ನಡಿಗರಿಗೆ ಆಪ್ತವಾದ ಜೈಪುರ-ಅತ್ರೌಲಿ ಘರಾನೆಯವರೇ ಕೇಸರಬಾಯಿಯೂ. ವಾಯೇಜರ್ 1 ಹೊರಟ 11 ದಿನಕ್ಕೆ, 1977ರ ಸೆಪ್ಟೆಂಬರ್ 16ರಂದು, ಅವರು ತೀರಿಕೊಂಡರು. ಅರ್ಥ ತಿಳಿಯದವರಿಗೂ ಸ್ವರಗಳ ನಡುವಿನ ಅನುಪಾತ ಅಳೆಯಲು ಸಿಗುತ್ತದೆ. ಆದ್ದರಿಂದ ಸಂದೇಶವಾಗಿ ಮಾತಿಗಿಂತ ಹಾಡು ಹೆಚ್ಚು ಗಟ್ಟಿ ಎಂಬುದು ಈ ಲೇಖಕರ ಅಭಿಪ್ರಾಯ. ಮಾತು ಉಳಿಯುವುದು ಸಂದೇಶಕ್ಕಿಂತ ಕುರುಹಾಗಿ: ಗಂಟಲು, ನಾಲಗೆ, ತುಟಿ ಸೇರಿ ಗಾಳಿಯನ್ನು ಹೀಗೆ ಕತ್ತರಿಸುತ್ತಿದ್ದ ಜೀವಿಗಳಿದ್ದರು ಎಂಬುದಕ್ಕೆ 55 ಮಾದರಿಗಳು.

ಯಾರಿಗೂ ಸಿಗದ ತಟ್ಟೆಯಿಂದ ಏನು ಪ್ರಯೋಜನ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ಇದರ ಎದುರು ಬದಿಗೆ ಒಂದು ಭಯವೂ ಇದೆ. 1974ರಲ್ಲಿ ಅರೆಸಿಬೊ ದೂರದರ್ಶಕದಿಂದ ರೇಡಿಯೊ ಸಂದೇಶ ಕಳಿಸಿದಾಗ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ನಮ್ಮ ಇರವನ್ನು ಹೀಗೆ ಸಾರುವುದು ಅಪಾಯವೆಂದು ಪ್ರತಿಭಟಿಸಿದ್ದರು. ಭೂಮಿಯ ವಿಳಾಸ ಹೊತ್ತ ನೌಕೆಗಳ ಬಗ್ಗೆಯೂ ಅದೇ ಆತಂಕ ಕೇಳಿಬರುತ್ತದೆ. ಭಯಕ್ಕೂ ಆಸೆಗೂ ಉತ್ತರ ಒಂದೇ. ಮುಂದಿನ ಲಕ್ಷಾಂತರ ವರ್ಷ ಯಾವ ನಕ್ಷತ್ರದ ಗ್ರಹಗಳ ಹತ್ತಿರಕ್ಕೂ ಇವು ಹೋಗುವುದಿಲ್ಲ. ಎದುರಿಗೆ ಹಾದರೂ ಬೆಳಕಿಲ್ಲದ, ರೇಡಿಯೊ ಇಲ್ಲದ, ಕೆಲವೇ ಮೀಟರಿನ ವಸ್ತುವನ್ನು ಹುಡುಕುವುದು ಯಾರಿಗಾದರೂ ಕಷ್ಟ. ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ಪ್ರಯೋಜನವನ್ನು ಓದುಗ ಸಿಗುವ ಸಂಭವದಿಂದ ಮಾತ್ರ ಅಳೆಯುವುದು ಸರಿಯಲ್ಲ. ಕಿತ್ತಯ್ಯನ ಕಲ್ಲನ್ನು ನಿಲ್ಲಿಸಿದವರ ಮನಸ್ಸಿನಲ್ಲಿ ಇದ್ದದ್ದು ಸತ್ತವನ ಮನೆಯವರು, ಊರವರು. 2018ರ ಓದುಗರ ಕಲ್ಪನೆ ಅವರಿಗೆ ಇದ್ದಿರಲಾರದು. ಅವರ ಕಾಲದಲ್ಲೇ ಅದು ತನ್ನ ಕೆಲಸ ಮಾಡಿತ್ತು. ವಾಯೇಜರ್ ತಟ್ಟೆಯೂ ಹಾಗೆಯೇ 1977ರ ಮನುಷ್ಯರಿಗೆ, ತಮ್ಮನ್ನು ಒಂದೂವರೆ ತಾಸಿನ ಸಂಗೀತ, ನೂರು ಚಿಲ್ಲರೆ ಚಿತ್ರಗಳಲ್ಲಿ ಹೇಳಿಕೊಳ್ಳಬೇಕಾದರೆ ಏನನ್ನು ಆರಿಸಬೇಕು ಎಂದು ಯೋಚಿಸುವಂತೆ ಮಾಡಿತು. ಆ ಕೆಲಸ ಆಗಿದೆ. ನೌಕೆಗಳ ದೇಹದಿಂದ ನಡೆಯುತ್ತಿರುವ ವಿಜ್ಞಾನವೂ ಇದಕ್ಕೆ ಸೇರುತ್ತದೆ. ನಕ್ಷತ್ರಗಳ ನಡುವಣ ಅನಿಲದ ಸಾಂದ್ರತೆಯನ್ನು, ಕಾಂತಕ್ಷೇತ್ರವನ್ನು ಅಲ್ಲೇ ನಿಂತು ಅಳೆದ ಉಪಕರಣ ಎರಡು ವಾಯೇಜರ್‌ಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಮೊದಲು ಹೇಳಿದ ಮಾತು, ಲೆಕ್ಕ, ಮೈ ಎಂಬ ಮೂರು ಆಯುಷ್ಯಗಳಲ್ಲಿ ಅತಿ ಬೇಗ ಮುರಿಯಬಲ್ಲದ್ದು ನಡುವಿನದು, ಭೂಮಿಯ ಮೇಲಿನ ಲೆಕ್ಕಪತ್ರ. 2023ರ ನವೆಂಬರ್‌ನಲ್ಲಿ ವಾಯೇಜರ್ 1 ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿತು. ಅದರ ಒಂದು ಗಣಕದ ಸ್ಮೃತಿಯಲ್ಲಿ ಒಂದು ಚಿಪ್ ಕೆಟ್ಟಿತ್ತು. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ದಶಕಗಳ ಹಿಂದೆ ಬೇರೆಯವರು ಬರೆದಿಟ್ಟ ಕಡತಗಳನ್ನು ತಿರುವಿ, ಆ ಚಿಪ್ಪಿನಲ್ಲಿದ್ದ ಆಜ್ಞೆಗಳನ್ನು ತುಂಡು ಮಾಡಿ ಸ್ಮೃತಿಯ ಬೇರೆ ಬೇರೆ ಖಾಲಿ ಜಾಗಗಳಿಗೆ ಸಾಗಿಸಿದರು. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು ಸುಮಾರು ಎರಡು ದಿನ ಹಿಡಿಯುತ್ತಿದ್ದ ಆ ರಿಪೇರಿಗೆ 2024ರ ಏಪ್ರಿಲ್‌ನಲ್ಲಿ ಫಲ ಸಿಕ್ಕಿತು. ಕಡತ ಕಳೆದುಹೋಗಿದ್ದರೆ ಗಟ್ಟಿಮುಟ್ಟಾದ ನೌಕೆಯೂ ಮೂಕವಾಗಿಯೇ ಉಳಿಯುತ್ತಿತ್ತು. ಬೆಂಗಳೂರಿಗೆ ಇದು ಹೊಸ ಪಾಠವಲ್ಲ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಿಗೆ ಅಚ್ಚು ತೆಗೆಸಿದ ಬೆಂಗಳೂರಿನ ಎಷ್ಟೋ ಶಾಸನಗಳ ಕಲ್ಲುಗಳು ಇಂದು ಕಾಣೆಯಾಗಿವೆ, ಅವುಗಳ ಪಾಠ ಮಾತ್ರ ಪುಸ್ತಕದಲ್ಲಿ ಉಳಿದಿದೆ. ಮಿಥಿಕ್ ಸೊಸೈಟಿ ಈಗ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಡುತ್ತಿರುವುದು ಅದೇ ತಿಳಿವಳಿಕೆಯಿಂದ. ಪಯೊನೀರ್‌ಗಳ ವಿಷಯದಲ್ಲಿ ಈ ಎಚ್ಚರ ತಡವಾಗಿ ಬಂತು. ಅವು ಮೂವತ್ತು ವರ್ಷ ಕಳಿಸಿದ ಅಂಕಿಅಂಶ ಹಳೆಯ ಮ್ಯಾಗ್ನೆಟಿಕ್ ಟೇಪುಗಳಲ್ಲಿ ಚದುರಿಹೋಗಿತ್ತು; ಸ್ಲಾವಾ ತುರಿಶೆವ್, ವಿಕ್ಟರ್ ಟಾತ್ ಮೊದಲಾದ ಸಂಶೋಧಕರು ಪ್ಲಾನೆಟರಿ ಸೊಸೈಟಿ ಸದಸ್ಯರ ದೇಣಿಗೆಯ ನೆರವಿನಿಂದ ಅದನ್ನು ಹುಡುಕಿ, ಇಂದಿನ ಗಣಕಗಳು ಓದುವ ರೂಪಕ್ಕೆ ತಂದರು. ಶಾಖದ ನೂಕಿನ ಒಗಟು ಬಿಡಿಸಿದ್ದು ಆ ಟೇಪುಗಳೇ. ಎರಡು ಪಯೊನೀರ್‌ಗಳ ದಾರಿಯ ಲೆಕ್ಕದಲ್ಲಿ ಆ ನೂಕನ್ನು ಇಂದು ಎಷ್ಟು ಹಿಡಿಯಬೇಕು ಎಂಬುದೂ ಅವುಗಳಿಂದಲೇ ಗೊತ್ತಾಗಿದೆ.